ಹಗೇವಿನ ಮನೆಯಿಂದ ಬಂದ ಹುಡುಗಿ

ಗೃಹಮಾತೆಯ ಕೆಲಸಕ್ಕೆ ಸೇರಿದ ದಿನ ಸೂಪರಿಂಟೆಂಡೆಂಟ್ ಮೇಡಂ ನನ್ನ ಕೈಗೆ ಕೊಟ್ಟದ್ದು ಮೂರೇ ವಸ್ತು: ಒಂದು ಬೀಗದ ಕೈ ಗೊಂಚಲು, ಹಾಜರಿ ಪುಸ್ತಕ, ಹೇನಿನ ಔಷಧಿಯ ಬಾಟ್ಲಿ. "ಉಳಿದದ್ದು ಮಕ್ಕಳೇ ಕಲಿಸ್ತಾರೆ" ಅಂದರು. ಅದು ತಮಾಷೆಯ ಮಾತು ಅಂದುಕೊಂಡಿದ್ದೆ.

ಈಗ ಅದೇ ಕೆಲಸಕ್ಕೆ ಸೇರಿರುವ ಇಬ್ಬರು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಒಬ್ಬಳು ಕಾಫಿ ಲೋಟ ಹಿಡಿದೇ ಕೂತಿದ್ದಳು, ಕುಡಿಯಲಿಲ್ಲ. ಸೇರಿ ಇನ್ನೂ ಎಂಟು ದಿನವಂತೆ. "ನಮಗೆ ಟ್ರೈನಿಂಗಿನಲ್ಲಿ ಎಲ್ಲಾ ಹೇಳಿದಾರೆ ಮೇಡಂ, ಆದ್ರೆ..." ಎಂದು ನಿಲ್ಲಿಸಿದಳು. ಆ 'ಆದ್ರೆ'ಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿ ಕೊರಟಗೆರೆಗೆ ಸೊಸೆಯಾಗಿ ಬಂದವಳು. ಬಹಳ ವರ್ಷ ಮನೆ, ಅಡುಗೆ, ಒಂದಿಷ್ಟು ಕಸೂತಿ, ಅಷ್ಟೇ. ನಮ್ಮ ಮನೆಯವರಿಗೆ ಮಧುಗಿರಿಗೆ ವರ್ಗವಾದ ಮೇಲೆ ಊರಾಚೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಆಶ್ರಯಧಾಮದಲ್ಲಿ ಕೆಲಸ ಸಿಕ್ಕಿತು. ಮನೆಯಲ್ಲಿ ಮಾಡುತ್ತಿದ್ದುದೇ ಕೆಲಸ. ಮೂವತ್ತು ಮಕ್ಕಳಿಗೆ ಮಾಡಬೇಕು. ಜಡೆ ಹೆಣೆಯುವುದು, ಜ್ವರ ನೋಡುವುದು, ಲಂಗದ ಅಂಚು ಬಿಚ್ಚಿದ್ದರೆ ಹೊಲಿಯುವುದು. ಮಕ್ಕಳು ನಮ್ಮನ್ನು ಅಮ್ಮ ಎನ್ನಬೇಕು ಎಂಬುದು ಅಲ್ಲಿಯ ನಿಯಮ. ಅಲ್ಲಿಗೆ ಬರುತ್ತಿದ್ದ ಎಷ್ಟೋ ಮಕ್ಕಳಿಗೆ ಆ ಪದ ಬಾಯಿಗೆ ಬರುತ್ತಿರಲಿಲ್ಲ. ಮಿಸ್ ಅಂದರೂ ಸಾಕು ಅಂದೆ. ಅದೇ ಉಳಿಯಿತು.

ಮೊದಲ ತಪ್ಪು ಮೊದಲ ತಿಂಗಳಲ್ಲೇ ಆಯಿತು. ಪಾವಗಡದ ಕಡೆಯ ಒಬ್ಬ ಪುಟ್ಟ ಹುಡುಗಿ ದಿನಾ ಮುದ್ದೆಯ ಒಂದು ಚೂರನ್ನು ದಿಂಬಿನ ಚೀಲದಲ್ಲಿ ಬಚ್ಚಿಡುತ್ತಿದ್ದಳು. ಇರುವೆ ಸಾಲು ಕಂಡು ಎಲ್ಲ ತೆಗೆದು ಬಿಸಾಡಿದೆ, ಚೀಲವನ್ನು ಸೋಪು ಹಾಕಿ ಒಗೆದೆ. ಸಂಜೆ ಅವಳು ಒಗೆದ ಚೀಲದೊಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದಳು. ಅಳಲಿಲ್ಲ. ತನ್ನ ಅರ್ಧ ತೆಲುಗಿನಲ್ಲಿ ನನ್ನದೆಲ್ಲಿ ಎಂದು ಕೇಳಿದಳು. ಎರಡು ದಿನ ಊಟ ಮುಟ್ಟಲಿಲ್ಲ. ಆಮೇಲೆ ಅವಳಿಗೊಂದು ಮುಚ್ಚಳದ ಡಬ್ಬಿ ಕೊಟ್ಟೆ. ಕೆಲವು ತಿಂಗಳ ಮೇಲೆ ಡಬ್ಬಿಯನ್ನು ತೊಳೆದು ತಾನಾಗಿಯೇ ತಂದುಕೊಟ್ಟಳು. ಚೊಕ್ಕಟ ಮಾಡುವ ಮುಂಚೆ ಕೇಳಬೇಕು ಎಂದು ಅವತ್ತು ಕಲಿತೆ. ಕಲಿತೆ ಅಂದುಕೊಂಡೆ, ಅಷ್ಟೇ.

ನಾವು ಸೇರಿದ ಕಾಲಕ್ಕೆ ಇದ್ದ ಪದ್ಧತಿ ಒಂದೇ: ನೆನಪು ಮಾಡಿಸಬೇಡಿ, ಮರೆತುಹೋಗುತ್ತೆ. ಯಾವ ಮಗು ಯಾಕೆ ಬಂತು ಎಂಬುದು ಮೇಡಂ ಅವರ ಕಬ್ಬಿಣದ ಬೀರುವಿನಲ್ಲಿ ಇರುತ್ತಿತ್ತು. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ರೇಖಾ ಎಂಬ ಕೌನ್ಸೆಲರ್ ಹದಿನೈದು ದಿನಕ್ಕೊಮ್ಮೆ ಬರಲು ಶುರುಮಾಡಿದರು. ಅವರ ಹಿಂದೆಯೇ ಯಾರೋ ದಾನಿಗಳು ಕಳಿಸಿದ ಒಂದು ಪೆಟ್ಟಿಗೆ ಪುಸ್ತಕ ಬಂತು. ದೊಡ್ಡ ಆಘಾತ ಕಂಡ ಹುಡುಗಿಯರು ಚೇತರಿಸಿಕೊಳ್ಳುವ ಕಾದಂಬರಿಗಳು, ಹದಿಹರೆಯದವರಿಗೆಂದೇ ಬರೆದವು. ಶನಿವಾರ ಮಧ್ಯಾಹ್ನ ನಾನು ಗಟ್ಟಿಯಾಗಿ ಓದುತ್ತಿದ್ದೆ. ಮೂರನೇ ಶನಿವಾರ ಸಿರಾದ ಶಬೀನಾ ತಡೆದಳು.

"ಮಿಸ್, ಇವ್ಳು ಯಾವಾಗ್ಲೂ ಕಿಟಕಿ ಹತ್ರ ಕೂತ್ಕೋತಾಳೆ. ಆಮೇಲೆ ಅಳ್ತಾಳೆ. ಆಮೇಲೆ ಸರಿಯೋಗ್ಬುಡ್ತಾಳೆ. ಇವ್ಳಿಗೆ ಬಟ್ಟೆ ಒಗಿಯೋ ಪಾಳಿ ಇಲ್ವಾ?"

ಎಲ್ಲರೂ ನಕ್ಕರು. ರೇಖಾ ಕೂಡ. "ಹಾಗಾದ್ರೆ ನೀವೇ ಬರೀರಿ" ಅಂದರು ರೇಖಾ. ಒಂದು ದಪ್ಪ ನೋಟ್‌ಬುಕ್ಕಿಗೆ ದಾರ ಕಟ್ಟಿ ಮೊಗಸಾಲೆಯ ಮೊಳೆಗೆ ನೇತುಹಾಕಿದೆವು. ಎರಡು ಕಟ್ಟಳೆ. 'ನಾನು' ಎಂದು ಬರೆಯುವ ಹಾಗಿಲ್ಲ, 'ಅವಳು' ಎಂದೇ ಬರೆಯಬೇಕು. ಯಾವ ಪುಟ ಯಾರದು ಎಂದು ಯಾರೂ ಕೇಳುವ ಹಾಗಿಲ್ಲ, ಗೃಹಮಾತೆಯೂ ಸೇರಿ. ಆ ಪುಸ್ತಕದ 'ಅವಳು' ಒಂದು ಪುಟದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಲಗುತ್ತಿದ್ದಳು, ಮುಂದಿನ ಪುಟದಲ್ಲಿ ಬಡವನಹಳ್ಳಿ ಸಂತೆಯಲ್ಲಿ ಬಳೆ ಕದಿಯುತ್ತಿದ್ದಳು, ಅದರ ಮುಂದಿನದರಲ್ಲಿ ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ತನ್ನ ಚಿಕ್ಕಪ್ಪನನ್ನೇ ಹಿಡಿಯುತ್ತಿದ್ದಳು.

ಚೈತ್ರಾ ಬಂದದ್ದು ಆ ವರ್ಷದ ಬೇಸಿಗೆಯ ಶುರುವಿನಲ್ಲಿ. ಹದಿಮೂರು ವರ್ಷ. ಮಿಡಿಗೇಶಿ ಕಡೆಯ ಹಳ್ಳಿ. ಕರೆದುಕೊಂಡು ಬಂದದ್ದು ತಾಯಿಯ ತಾಯಿ, ನರಸಮ್ಮಜ್ಜಿ. ತಂದೆ ಮೊದಲೇ ತೀರಿಹೋಗಿದ್ದರಿಂದ ತಾಯಿ ಮಗಳು ಇಬ್ಬರೂ ಅಜ್ಜಿಯ ಮನೆಯಲ್ಲೇ ಇದ್ದವರು.

ಅವರ ಅಂಗಳದಲ್ಲಿ ಹಳೆಯ ಹಗೇವು ಇತ್ತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ: ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಡಾಣದಂಥ ಗುಂಡಿ, ಒಬ್ಬರು ಇಳಿಯುವಷ್ಟೇ ಬಾಯಿ, ಮೇಲೊಂದು ಚಪ್ಪಡಿ. ಎಷ್ಟೋ ದಿನ ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಚಪ್ಪಡಿ ಸರಿಸಿ ಬಹಳ ಹೊತ್ತು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಅವತ್ತು ಚೈತ್ರಾಳ ತಾಯಿ ಇಳಿದಳು. ಮೇಲೆ ಇದ್ದವಳು ಚೈತ್ರಾ ಒಬ್ಬಳೇ. ತಾಯಿ ಮತ್ತೆ ಹತ್ತಲಿಲ್ಲ.

"ದೀಪ ಇಳ್ಸೋದು ಮರ್ತವ್ಳೆ ಕಣಮ್ಮ, ಮಗು" ಅಂದರು ಅಜ್ಜಿ, ಗೇಟಿನ ಹೊರಗೆ ನಿಂತು, ದನಿ ತಗ್ಗಿಸಿ. "ಎರಡ್ ತಿಂಗ್ಳಾತು, ಬಾಯೇ ಬುಟ್ಟಿಲ್ಲ. ಆ ಚಪ್ಪಡಿ ಮ್ಯಾಲಿಂದ ಏಳಾಕಿಲ್ಲ. ಬಿಸ್ಲು ಅನ್ನಾಕಿಲ್ಲ, ಏನೂ ಅನ್ನಾಕಿಲ್ಲ. ಕಿವಿ ಕೊಟ್ಕಂಡ್ ಮಲ್ಗಿರ್ತಾಳೆ." ಹೇಳುವಾಗ ಅಜ್ಜಿಯ ಹೆಬ್ಬೆರಳು ಎಲೆಯಡಿಕೆ ಚೀಲದ ದಾರವನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ನಾನು ಅದನ್ನು ನೋಡಿದೆ, ದುಃಖ ಅಂದುಕೊಂಡೆ.

ಈಗ ನನ್ನ ದೊಡ್ಡ ತಪ್ಪು. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು, ತಪ್ಪನ್ನು ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತೆ ಎಂದು. ನನಗೆ ಹಾಗೆ ಆಗಿಯೂ ಇತ್ತು. ಆದರೆ ನನ್ನವು ಜಾಮೂನು ಕದ್ದ ತಪ್ಪುಗಳು. ಒಂದು ವಾರ ನೋಡಿ, ಚೈತ್ರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: "ನೀನು ಮಗು. ಮರೆತೆ. ಮರೆಯೋದು ಪಾಪ ಅಲ್ಲ. ಅಮ್ಮಂಗೊಂದು ಕಾಗದ ಬರಿ. ನಾನು ದೀಪ ಇಳಿಸೋದು ಮರೆತೆ, ಕ್ಷಮಿಸು ಅಂತ ಬರಿ. ಅಮ್ಮ ಖಂಡಿತ ಕ್ಷಮಿಸ್ತಾರೆ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬರೆದಳು. ನಾನು ಹೇಳಿದಂತೆಯೇ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ನಾಲ್ಕಾಗಿ ಮಡಿಸಿ ನನ್ನ ಕೈಗೇ ಕೊಟ್ಟು ಎದ್ದು ಹೋದಳು. ನಾನು ಅದನ್ನು ನನ್ನ ಬೀರುವಿನಲ್ಲಿಟ್ಟೆ. ಅವತ್ತು ಮನೆಗೆ ಹೋಗಿ ನಮ್ಮ ಮನೆಯವರ ಹತ್ತಿರ ಸಂತೋಷದಿಂದ ಹೇಳಿಕೊಂಡೆ ಬೇರೆ.

ಮೋಂಬತ್ತಿಗಳು ಶುರುವಾದದ್ದು ಮಾರನೆಯ ದಿನ.

ಮಧ್ಯಾಹ್ನ ಊಟಕ್ಕೆ ಗಂಟೆ ಹೊಡೆದಿತ್ತು. ಸಾಮಾನ್ಯವಾಗಿ ಆ ಗಂಟೆಗೆ ತಟ್ಟೆಗಳ ಗಲಾಟೆಯಲ್ಲಿ ಕಿವಿ ಕಿವುಡಾಗಬೇಕು. ಅವತ್ತು ಸದ್ದಿಲ್ಲ. ಹೋಗಿ ನೋಡಿದರೆ ಮೂವತ್ತು ಮಕ್ಕಳೂ ಊಟದ ಹಾಲಿನ ಹೊರಗೆ ಸಾಲಾಗಿ ನಿಂತಿದ್ದಾರೆ. ಒಳಗೆ, ಖಾಲಿ ಹಾಲಿನ ನಟ್ಟನಡುವೆ ನೆಲದ ಮೇಲೆ ಒಂದು ಬಟ್ಟಲಲ್ಲಿ ಮೋಂಬತ್ತಿಯ ತುಂಡು ಉರಿಯುತ್ತಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಚೈತ್ರಾ ಹೊಸ್ತಿಲ ಈಚೆ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು.

"ನಡೀರಿ ಒಳಗೆ" ಅಂದೆ.

ನನ್ನ ಸೆರಗು ಹಿಡಿದು ಎಳೆದವಳು ನಮ್ಮಲ್ಲಿದ್ದ ಅತಿ ಚಿಕ್ಕವಳು, ಆರು ವರ್ಷದವಳು. "ಇರಿ ಮಿಸ್. ಅಕ್ಕ ಇನ್ನೂ ಹೇಳಿಲ್ಲ."

ಚೈತ್ರಾ ಎದ್ದು, ತಲೆ ಒಂದಿಷ್ಟು ಆಡಿಸಿದಳು. ಮಕ್ಕಳು ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು. ಮೋಂಬತ್ತಿಯನ್ನು ಯಾರೂ ದಾಟಲಿಲ್ಲ, ಸುತ್ತು ಬಳಸಿಯೇ ಹೋದರು.

ಕರೆಂಟು ಹೋದಾಗ ಬೇಕಾಗುತ್ತದೆಂದು ಎಲ್ಲಾ ಕೋಣೆಯಲ್ಲೂ ಮೋಂಬತ್ತಿ ಇಡುತ್ತಿದ್ದೆವು. ಎಲ್ಲವನ್ನೂ ಎತ್ತಿ ಬೀಗ ಹಾಕಿದೆ. ಬೆಂಕಿಯ ಭಯ ಇದ್ದೇ ಇತ್ತಲ್ಲ. ಅದರಿಂದ ಆದದ್ದು ಇಷ್ಟೇ: ಚೈತ್ರಾ ಕೋಣೆಗಳಿಗೆ ಹೋಗುವುದನ್ನೇ ಬಿಟ್ಟು ಮೊಗಸಾಲೆಯಲ್ಲಿ ನೆಲಕ್ಕೆ ಕಿವಿಯಿಟ್ಟು ಮಲಗತೊಡಗಿದಳು. ಒಂದು ವಾರದಲ್ಲಿ ಅವಳ ಪಕ್ಕ ಇನ್ನೊಬ್ಬಳು. ಆಮೇಲೆ ಮೂವರು. ಮಧ್ಯಾಹ್ನದ ಹೊತ್ತು, ಬೆಟ್ಟದ ಬಂಡೆ ಕಾದು ಅದರ ಝಳ ಅಂಗಳಕ್ಕೆಲ್ಲ ಹೊಡೆಯುವಾಗ, ನಾಲ್ಕು ಹುಡುಗಿಯರು ಒಂದೇ ಕಡೆ ಮುಖ ಮಾಡಿ, ಕೆನ್ನೆ ನೆಲಕ್ಕೆ ಒತ್ತಿ, ಕಣ್ಣು ತೆರೆದುಕೊಂಡು ಮಲಗಿರುತ್ತಿದ್ದರು.

"ಏನು ಕೇಳ್ತಿದೀರ?"

"'ಬಂದೆ' ಅಂತಾರಂತಲ್ಲ ಮಿಸ್, ಅದು" ಅಂದಳು ಶಬೀನಾ. ಸದಾ ತಮಾಷೆ ಮಾಡುವವಳ ಮುಖದಲ್ಲಿ ನಗು ಇರಲಿಲ್ಲ. "ಇವ್ಳ ಅಮ್ಮ ಇಳ್ದಮೇಲೆ ಇವ್ಳು ಮೇಲಿಂದ ಕರುದ್ಲಂತೆ. ಕೆಳಗಿಂದ 'ಬಂದೆ' ಅಂದ್ರಂತೆ. ಆಮೇಲೇನೂ ಇಲ್ವಂತೆ."

"ಚೈತ್ರಾ ಮಾತೇ ಆಡಲ್ಲ, ನಿಮಗೆ ಯಾರು ಹೇಳಿದ್ದು?"

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಗೊತ್ತಿರಲಿಲ್ಲ.

ಅವರೆಲ್ಲ ಸ್ಕೂಲಿಗೆ ಹೋದ ಒಂದು ದಿನ ನಾನೂ ಆ ಜಾಗದಲ್ಲಿ ಕೂತೆ. ಆಮೇಲೆ, ಯಾರೂ ಇಲ್ಲವೆಂದು ನೋಡಿಕೊಂಡು, ಕೆನ್ನೆ ನೆಲಕ್ಕಿಟ್ಟೆ. ನೆಲ ಹೊರಗಿನ ಬಿಸಿಲಿಗೆ ಸಂಬಂಧವೇ ಇಲ್ಲದಷ್ಟು ತಣ್ಣಗಿತ್ತು. ಬೋರಿನ ಮೋಟರು ಓಡುವ ಗುಂಯ್ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮೋಟರು ನಿಂತಿತು. ಆಮೇಲೂ ಏನೋ ಇತ್ತು. ನಾನು ಎದ್ದು ಸೀರೆ ಕೊಡವಿಕೊಂಡು ಹುಳಿಗೆ ಬೇಳೆ ಅಳೆಯಲು ಹೋದೆ.

ಮೇಡಂ ಅವರ ತಾಳ್ಮೆ ತಪ್ಪಿದ್ದು ದಾಸ್ತಾನು ಕೋಣೆಯ ದಿನ. ಚೈತ್ರಾ ಎಲ್ಲಿಂದಲೋ ಒಂದು ಮೋಂಬತ್ತಿ ಸಂಪಾದಿಸಿ ಆ ಕೋಣೆಯ ಒಳಗಿಟ್ಟಿದ್ದಳು. ಕಿಟಕಿಯಿಲ್ಲದ ಕೋಣೆ, ಫ್ಯಾನಿಲ್ಲ. ರಾಗಿ ತರಲು ಬಂದ ಅಡುಗೆಯ ಪುಟ್ಟಮ್ಮನೂ ನಾನೂ ಬಾಗಿಲಲ್ಲೇ ನಿಂತಿದ್ದೆವು. ನಾವು ನೋಡನೋಡುತ್ತ ಜ್ವಾಲೆ ಕುಗ್ಗಿ, ನೀಲಿಯಾಗಿ, ಹೋಯಿತು. ಮೋಂಬತ್ತಿ ಇನ್ನೂ ಬೆರಳುದ್ದ ಇತ್ತು. ಹೊಗೆ ನೆಟ್ಟಗೆ ಮೇಲೆದ್ದಿತು, ಅಲುಗಲಿಲ್ಲ. ಯಾಕೆ ಆರಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ನಾನ್ ಒಳಿಕ್ ಹೋಗಾಕಿಲ್ಲ ಕಣವ್ವ" ಅಂದಳು ಪುಟ್ಟಮ್ಮ. "ನೀವ್ ಬೈದ್ರೂ ಅಷ್ಟೆ. ಬೇಕಾದ್ರೆ ಇವತ್ತು ಅನ್ನ ಮಾಡ್ತೀನಿ."

ಮೇಡಂ ನನ್ನನ್ನು ಆಫೀಸಿಗೆ ಕರೆಸಿದರು. ಗಟ್ಟಿ ಹೆಂಗಸು, ಆದರೆ ಕೆಟ್ಟವರಲ್ಲ. "ಮೂವತ್ತು ಮಕ್ಕಳ ಜವಾಬ್ದಾರಿ ನಂದು. ಈ ಹುಡುಗೀನ ದೂರದ ದೊಡ್ಡ ಸಂಸ್ಥೆಗೆ ಕಳಿಸೋದೇ ಸರಿ. ಅಲ್ಲಿ ಡಾಕ್ಟರಿದಾರೆ. ಗುರುವಾರ ಸಮಿತಿಯವರು ಬರ್ತಾರೆ, ಅಜ್ಜಿಗೂ ಹೇಳಿಕಳಿಸಿದೀನಿ" ಅಂದರು. ಆ ಸಂಸ್ಥೆ ಒಂದು ಹಗಲು ಬಸ್ಸಿನ ದೂರ. ಅಜ್ಜಿಗೆ ಮಿಡಿಗೇಶಿಯಿಂದ ಮಧುಗಿರಿಗೆ ಬರುವುದೇ ಮೂರು ಸಲ ಕೂತೆದ್ದು ಮಾಡುವ ಪ್ರಯಾಣ. ಕಳಿಸಿದರೆ ಆ ಹುಡುಗಿಗೆ ಉಳಿದಿರುವ ಒಬ್ಬರೇ ನೆಂಟರೂ ಹೋದ ಹಾಗೆ.

ಮಂಗಳವಾರ ನೋಟ್‌ಬುಕ್ಕಿನ ದಾರ ಸಿಕ್ಕುಗಟ್ಟಿತ್ತು. ಬಿಡಿಸಲು ಕೆಳಗಿಳಿಸಿದಾಗ ಹೊಸ ಪುಟ ಕಂಡಿತು. ಅಕ್ಷರ ಸಣ್ಣದು, ಒತ್ತಿ ಬರೆದದ್ದು. ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಉಬ್ಬು ತಿಳಿಯುತ್ತಿತ್ತು.

'ಅವಳು ದೀಪ ಇಳಿಸಿದಳು. ದೀಪ ಅರ್ಧಕ್ಕೆ ಆರಿತು. ಅಮ್ಮಾ ಆರೋಯ್ತು ಅಂದಳು. ಅಮ್ಮ, ಗಾಳಿಗೆ ಆರೈತೆ ಬುಡು, ಮಿಲ್ಲಿಗೆ ಹೋಗೋ ಹೊತ್ತು ಮೀರ್ತೈತೆ ಅಂದಳು. ಬ್ಯಾಡ ಕಣಮ್ಮ ಅಂತ ಅವಳು ಸೆರಗು ಹಿಡಿದಳು. ಅಮ್ಮ ಕೈ ಬಿಡಿಸಿಕೊಂಡಳು. ಎಲ್ಲರೂ ಅವಳನ್ನು ಕ್ಷಮಿಸುತ್ತಾರೆ. ಅವಳು ಏನೂ ಮರೆತಿರಲಿಲ್ಲ.'

ಓದಿ ಮುಗಿಸಿ, ಮತ್ತೊಮ್ಮೆ ಮೊದಲಿನಿಂದ ಓದಿದೆ. ಆ ಹುಡುಗಿ ಮಾಡದ ತಪ್ಪಿಗೆ ನಾನು ಕ್ಷಮೆ ಕೇಳಿಸಿದ್ದೆ. ಅದೂ ಅವಳ ಸ್ವಂತ ಅಕ್ಷರದಲ್ಲಿ.

ಕೇಳಬಾರದು ಎಂಬ ಕಟ್ಟಳೆ ಇತ್ತು. ಹಾಗಾಗಿ ಪುಟದ ಮಾತು ಎತ್ತಲಿಲ್ಲ. ಬೀರುವಿನಿಂದ ಅವಳ ಕಾಗದ ತೆಗೆದುಕೊಂಡು ಹೋಗಿ ಮೊಗಸಾಲೆಯಲ್ಲಿ ಅವಳ ಪಕ್ಕ ನೆಲದ ಮೇಲೆ ಕೂತೆ. "ಇದನ್ನ ನಾನು ನಿನ್ನ ಕೈಲಿ ಬರೆಸಬಾರದಿತ್ತು. ಏನಾಯಿತು ಅಂತ ಕೇಳಲೇ ಇಲ್ಲ ನಾನು. ತಪ್ಪು ನಂದು" ಅಂದೆ.

ಅವಳು ಕಾಗದ ಬಿಡಿಸಿ ಓದಿದಳು. ಆಮೇಲೆ ಮಾತಾಡಿದಳು, ಬಹಳ ದಿನ ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ದನಿ ಒರಟಾಗಿತ್ತು. "ಇದು ನಿಮ್ಮ ಮಾತು ಮಿಸ್. ನಾನ್ ಸುಮ್ನೆ ಬರ್ದೆ."

"ಗೊತ್ತು."

"ಹೊಲದಿಂದ ಕರುದ್ರೂ ನಮ್ಮಮ್ಮ ಬಂದೆ ಬಂದೆ ಅಂತ ಒಂದ್ ಗಂಟೆ ಮಾಡೋಳು. ಅದ್ಕೆ ಅವತ್ತೂ ಕಾದೆ. ಜಾಸ್ತಿ ಹೊತ್ತು ಕಾದ್ಬುಟ್ಟೆ." ಕಾಗದವನ್ನು ಮತ್ತೆ ಮಡಿಸುತ್ತ, "ಅಜ್ಜಿಗೆ ಹೇಳ್ಬ್ಯಾಡಿ" ಅಂದಳು. "ಅಮ್ಮ ಮಾತು ಕೇಳ್ದೆ ಸತ್ಲು ಅಂತ ಗೊತ್ತಾದ್ರೆ ಅಜ್ಜಿ ತಡ್ಕಳಲ್ಲ. ನಾನ್ ಮರ್ತೆ ಅಂತಾನೇ ಇರ್ಲಿ."

ಹೇಳಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಯೋಚಿಸಿದೆ: ಗುರುವಾರ ಬಾಯಿ ಬಿಡದೆ ಈ ಮಗುವನ್ನು ಉಳಿಸಿಕೊಳ್ಳುವುದು ಹೇಗೆ?

ಗುರುವಾರ ಆಫೀಸಿನಲ್ಲಿ ಮೇಡಂ, ಸಮಿತಿಯ ಇಬ್ಬರು, ಕುರ್ಚಿಯ ತುದಿಯಲ್ಲಿ ಅಜ್ಜಿ. ಚೈತ್ರಾ ತೆರೆದ ಬಾಗಿಲ ಹತ್ತಿರ. ಸಮಿತಿಯ ಹಿರಿಯರು ನಿವೃತ್ತ ಹೆಡ್ಮಾಸ್ಟರು, ಮೃದು ಮಾತಿನವರು. ಫೈಲು ನೋಡುತ್ತ, "ಪಾಪ, ಮಗು ದೀಪ ಇಳಿಸೋದು ಮರೆತಿದೆ. ಆ ಕೊರಗೇ ಹೀಗೆಲ್ಲ ಮಾಡಿಸ್ತಿದೆ. ದೊಡ್ಡ ಕಡೆ ಕಳಿಸೋದೇ ವಾಸಿ" ಅಂದರು. ಮೇಡಂ ಸಹಿಗೆ ಪೆನ್ನು ಮುಂದೆ ಮಾಡಿದರು. ನಾನು ಬಾಯಿ ತೆರೆದೆ. ಚೈತ್ರಾ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿದೆ.

"ಅವಳು ಮರ್ತಿಲ್ಲ ಸ್ವಾಮಿ."

ಅಜ್ಜಿಯ ದನಿ. ಹೆಬ್ಬೆರಳಿಗೆ ಚೀಲದ ದಾರ ಬಿಗಿಯಾಗಿ ಸುತ್ತಿ ತುದಿ ಕಪ್ಪಗಾಗಿತ್ತು.

"ನಾನ್ ಓಡ್ ಬಂದಾಗ ಹಗ್ಗ ಹಗೇವಿನ ಬಾಯಿಗೇ ಜೋತಾಡ್ತಿತ್ತು. ಎಳುದ್ರೆ ಲಾಟೀನು ಬಂತು. ಇಳಿಸ್ದೆ ಇದ್ರೆ ಒಳಿಕ್ ಹೆಂಗ್ ಹೋಯ್ತದೆ? ಎಣ್ಣೆ ತುಂಬೈತೆ, ಆರೈತೆ. ನಂಗ್ ಅವಾಗ್ಲೇ ತಿಳೀತು. ಜನ ಬರೋ ಹೊತ್ಗೆ ಬಿಚ್ಚಿ ಕೊಟ್ಗೇಲಿ ಬಚ್ಚಿಟ್ಬುಟ್ಟೆ. ಮಗು ಮರೀತು ಅಂದೆ."

ಹೆಡ್ಮಾಸ್ಟರು ಕನ್ನಡಕ ತೆಗೆದರು.

"ನಾನ್ ಮರ್ತೆ ಅಂತ ನೀನ್ ಊರಿಗೆಲ್ಲ ಹೇಳ್ದೆ ಅಜ್ಜಿ" ಅಂದಳು ಚೈತ್ರಾ. ಅವಳ ದನಿಯನ್ನು ಮೇಡಂ ಆಗಲಿ ಸಮಿತಿಯವರಾಗಲಿ ಕೇಳಿದ್ದೇ ಇಲ್ಲ, ಮೇಡಂ ಬೆಚ್ಚಿಬಿದ್ದರು.

"ನೀನ್ ಮಗು ಕಣವ್ವ, ನಿನ್ನ ಯಾರ್ ಏನಂತಾರೆ? ಅವ್ಳು ಸತ್ತೋದೋಳು. ಹೇಳುದ್ ಮಾತ್ ಕೇಳ್ದೆ ಸತ್ಲು ಅಂತ ನನ್ ಮಗಳ್ನ ನಾಕ್ ಜನ ಆಡ್ಕಂಡ್ರೆ ನಾನ್ ಹೆಂಗ್ ಕೇಳುಸ್ಕಂಡ್ ಬದುಕ್ಲಿ?"

"ನಾನೂ ಅದ್ಕೇ ಹೇಳ್ನಿಲ್ಲ" ಅಂದಳು ಚೈತ್ರಾ.

ಅಜ್ಜಿ ಮೊಮ್ಮಗಳು ಇಬ್ಬರೂ ಸತ್ತವಳಿಗೆ ಅಡ್ಡ ನಿಂತು, ಒಬ್ಬರಿಗೊಬ್ಬರು ಗೊತ್ತಾಗದಂತೆ, ಎರಡು ತಿಂಗಳಿಗೂ ಮೇಲೆ ಕಾವಲು ಕಾದಿದ್ದರು. ಅಜ್ಜಿ ಕೈ ಚಾಚಿದರು. ಚೈತ್ರಾ ಹತ್ತಿರ ಹೋಗಲಿಲ್ಲ. "ಊರಲ್ಲಿ ಹೇಳು. ಆಮ್ಯಾಕೆ ನಾನ್ ರಜಕ್ಕೆ ಬತ್ತೀನಿ" ಅಂದಳು. ಅಷ್ಟು ಕಠಿಣವಾಗಿ ಹದಿಮೂರರ ಮಗು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಡೆಯಬೇಕೆನಿಸಿತು. ಈ ಸಲ ತಡೆಯಲಿಲ್ಲ.

ಮೇಡಂ ಪೆನ್ನಿನ ಕ್ಯಾಪು ಹಾಕಿದರು. "ಒಂದು ತಿಂಗಳು ನೋಡೋಣ" ಅಂದರು.

ನರಸಮ್ಮಜ್ಜಿ ಹೇಳಿದರು. ಬೆಳಗ್ಗೆ ಹಾಲಿನ ಡೈರಿಯ ಮುಂದೆ ಊರಿನವರೆಲ್ಲ ಕ್ಯಾನು ಹಿಡಿದು ನಿಂತಿದ್ದಾಗ, ಲಾಟೀನು ಕೈಯಲ್ಲಿ ಹಿಡಿದುಕೊಂಡು ಹೋಗಿ ಹೇಳಿದರಂತೆ. ಕೆಲವರು ಅಜ್ಜಿಯನ್ನು ಬೈದರಂತೆ, ಕೆಲವರು ಸುಮ್ಮನೆ ಹಾಲು ಹಾಕಿ ಹೋದರಂತೆ. ಬೇಸಿಗೆ ರಜಕ್ಕೆ ಚೈತ್ರಾ ಊರಿಗೆ ಹೋದಳು. ಅಷ್ಟು ಹೊತ್ತಿಗೆ ಅವಳು ಕೋಣೆಗಳಿಗೆ ಹೋಗಿ ಬರುತ್ತಿದ್ದಳು, ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ. ಉಳಿದ ಮಕ್ಕಳೂ ಹಾಗೇ ನಿಲ್ಲುವುದನ್ನು ಬಿಡಲು ಇನ್ನೂ ಬಹಳ ದಿನ ಹಿಡಿಯಿತು. ನನಗೆ ಈಗಲೂ ಪೂರ್ತಿ ಬಿಟ್ಟಿಲ್ಲ.

ರಜ ಮುಗಿಸಿ ಬಂದವಳ ಜಡೆ ಬಿಚ್ಚಿ ಬಾಚುತ್ತ ಕೂತಿದ್ದೆ. ಅಜ್ಜಿ ಹಾಕಿದ ಎಣ್ಣೆ ಜಾಸ್ತಿಯಾಗಿ ಬಾಚಣಿಗೆ ಜಾರುತ್ತಿತ್ತು. ಊರಲ್ಲಿ ಎಲ್ಲ ಹೇಗಿತ್ತು ಎಂದು ಕೇಳಿದೆ.

"ಈಗ ಎಲ್ರೂ ನಮ್ಮಮ್ಮನ್ನ ಹಟಮಾರಿ ಅಂತಾರೆ ಮಿಸ್" ಅಂದಳು. ನಾನು ಬಾಚುವ ಕೈ ನಿಲ್ಲಿಸಿದೆ. ಅವಳು ಸ್ವಲ್ಪ ಯೋಚಿಸಿ, ಮುಂದಕ್ಕೆ ನೋಡುತ್ತಲೇ ಅಂದಳು: "ಹೌದು, ಹಟಮಾರೀನೇ. ಒಂದ್ಸಲ ಸಿರಾ ಬಸ್ಸಲ್ಲಿ ಸೀಟ್ ಬುಡಲ್ಲ ಅಂತ ಕಂಡಕ್ಟರ್ ಜೊತೆ ಜಗಳ ಆಡ್ಕೊಂಡು, ಬರಗೂರಲ್ಲಿ ಇಳಿಯೋದು ಬುಟ್ಟು ಕೊನೇ ಸ್ಟಾಪ್‌ವರ್ಗೂ ಕೂತಿದ್ಲು. ನಾನೂ ಇದ್ದೆ. ಮರ್ಯಾದೆ ಹೋಯ್ತು ನಂಗೆ."

ಹೇಳುತ್ತ ಹೇಳುತ್ತ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ಬಗ್ಗಿ ಮುಖ ನೋಡಿದೆ. ನಗುತ್ತಿದ್ದಳು.